ಹೊಸ ಸೀಸನ್‌ಗೆ ಮಹಿಳಾ ಸಾಫ್ಟ್‌ಬಾಲ್ ತಂಡ ಸಜ್ಜಾಗುವುದು ಹೇಗೆ? ಪಿಚರ್ ತೋಳಿನಿಂದ ಲೆಕ್ಕ ಶುರು ಮಾಡಿ

ಸೀಸನ್‌ಗೆ ಇನ್ನು ಎಂಟು ವಾರ ಇದೆ ಎಂದ ಕೂಡಲೇ ಸುಮಾರು ತಂಡಗಳು ಮಾಡುವ ಮೊದಲ ಕೆಲಸ ಎಲ್ಲರನ್ನೂ ಮೈದಾನಕ್ಕೆ ಕರೆದು ಸುತ್ತು ಹೊಡೆಸುವುದು. ಬೆವರು ಸುರಿಯುತ್ತದೆ, ಫೋಟೊಗಳು ಚೆನ್ನಾಗಿ ಬರುತ್ತವೆ, ತಯಾರಿ ಜೋರಾಗಿದೆ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ ಸಾಫ್ಟ್‌ಬಾಲ್ ಸೀಸನ್ ಹದಗೆಡುವುದು ಓಟದ ಕೊರತೆಯಿಂದ ತೀರಾ ಅಪರೂಪ. ಸೀಸನ್ ಅರ್ಧ ಮುಗಿಯುವಷ್ಟರಲ್ಲಿ ಮುಖ್ಯ ಪಿಚರ್‌ನ (ಬ್ಯಾಟರ್‌ಗೆ ಚೆಂಡು ಎಸೆಯುವವರು) ತೋಳು ಸೋತಿರುತ್ತದೆ, ಎರಡನೇ ಪಿಚರ್‌ಗೆ ದೊಡ್ಡ ಪಂದ್ಯದ ರೂಢಿಯೇ ಇರುವುದಿಲ್ಲ, ಇದ್ದ ಒಬ್ಬ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಮಂಡಿಗೆ ಐಸ್ ಕಟ್ಟಿಕೊಂಡು ಕೂತಿರುತ್ತಾರೆ. ಅದಕ್ಕೇ ಇಲ್ಲಿ ಎಲ್ಲವನ್ನೂ ಪಿಚರ್‌ನಿಂದ ಶುರು ಮಾಡಿದ್ದೇನೆ. ಮಿಕ್ಕವರ ವೇಳಾಪಟ್ಟಿ ಆ ತೋಳಿನ ಲೆಕ್ಕದ ಸುತ್ತ ಕೂರಬೇಕು.

ಇದು ವೃತ್ತಿಪರ ತಂಡಕ್ಕೆ ಬರೆದದ್ದು. ಕಾಲೇಜು, ಕ್ಲಬ್ ತಂಡದವರು ಅಂಕಿಗಳನ್ನು ಇಳಿಸಿಕೊಂಡು ಬಳಸಬಹುದು.

ಹಂತ 1: ಯಾರು ಯಾವ ಸ್ಥಿತಿಯಲ್ಲಿ ಬರುತ್ತಿದ್ದಾರೆ ಅಂತ ಮೊದಲು ತಿಳಿಯಿರಿ

ಮಹಿಳಾ ಸಾಫ್ಟ್‌ಬಾಲ್‌ನಲ್ಲಿ ವರ್ಷವಿಡೀ ಒಂದೇ ತಂಡದ ಜೊತೆ ಇರುವವರು ಕಮ್ಮಿ. ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ನಾಲ್ಕು ತಂಡಗಳೊಂದಿಗೆ ಅಥ್ಲೀಟ್ಸ್ ಅನ್‌ಲಿಮಿಟೆಡ್ ಸಾಫ್ಟ್‌ಬಾಲ್ ಲೀಗ್ ಶುರುವಾಯಿತು. ಅಲ್ಲಿನ ಕಾಲೇಜು ಸೀಸನ್ ಮುಗಿಯುವುದೂ ಜೂನ್ ಮೊದಲ ವಾರದ ಹೊತ್ತಿಗೇ. ಅಂದರೆ ಹೊಸದಾಗಿ ಸೇರುವ ಹುಡುಗಿ ತಿಂಗಳುಗಟ್ಟಲೆ ಪಂದ್ಯ ಆಡಿದ ಸುಸ್ತನ್ನು ಹೊತ್ತುಕೊಂಡೇ ನಿಮ್ಮ ಕ್ಯಾಂಪಿಗೆ ಬರುತ್ತಾಳೆ. ಜಪಾನಿನ ಜೆಡಿ ಲೀಗ್ 2022ರಲ್ಲಿ 16 ತಂಡಗಳೊಂದಿಗೆ ಶುರುವಾದದ್ದು, ಅದು ವಸಂತದಿಂದ ಶರತ್ಕಾಲದವರೆಗೆ ನಡುವೆ ಬಿಡುವು ಕೊಟ್ಟು ನಡೆಯುತ್ತದೆ. ಅಲ್ಲಿ ಆಡುವವರ ದೇಹದ ಗಡಿಯಾರವೇ ಬೇರೆ. ಮೂರನೆಯ ಗುಂಪೂ ಒಂದಿದೆ: ವರ್ಷದ ಮಿಕ್ಕ ದಿನಗಳಲ್ಲಿ ಕಾಲೇಜು ತಂಡಕ್ಕೆ ಕೋಚ್ ಆಗಿಯೋ ಬೇರೆ ನೌಕರಿ ಮಾಡಿಕೊಂಡೋ ಇದ್ದು, ಸಂಜೆ ಹೊತ್ತು ಒಬ್ಬರೇ ನೆಟ್‌ಗೆ ಚೆಂಡು ಎಸೆದುಕೊಂಡು ಫಿಟ್ ಆಗಿರುವವರು.

ಈ ಮೂವರಿಗೂ ಮೊದಲ ವಾರ ಒಂದೇ ಕಸರತ್ತು ಕೊಟ್ಟರೆ ಮೊದಲನೆಯವಳು ಇನ್ನಷ್ಟು ಸೋಲುತ್ತಾಳೆ, ಮೂರನೆಯವಳು ಗಾಯ ಮಾಡಿಕೊಳ್ಳುತ್ತಾಳೆ.

ಹಾಗಾಗಿ ಕ್ಯಾಂಪಿಗೆ ಮೂರು ನಾಲ್ಕು ವಾರ ಮೊದಲೇ ಪ್ರತಿಯೊಬ್ಬರಿಗೂ ಫೋನ್ ಮಾಡಿ. ಸಂದೇಶ ಕಳಿಸಿದರೆ "ಎಲ್ಲ ಚೆನ್ನಾಗಿದೆ ಕೋಚ್" ಅಂತಲೇ ಉತ್ತರ ಬರುತ್ತದೆ. ಕೊನೇ ಪಂದ್ಯ ಯಾವಾಗ ಆಡಿದ್ದು, ಕಳೆದ ನಾಲ್ಕು ವಾರ ವಾರಕ್ಕೆ ಎಷ್ಟು ಎಸೆತ, ಎಷ್ಟು ಸ್ವಿಂಗ್, ಎಲ್ಲಿ ನೋವಿದೆ, ಹಿಂದೆ ಆಪರೇಷನ್ ಆಗಿದೆಯಾ, ನಿದ್ದೆ ಹೇಗಿದೆ, ಈ ಐದನ್ನು ಕೇಳಿ ಬರೆದಿಟ್ಟುಕೊಳ್ಳಿ. ಕ್ಯಾಂಪಿನ ಮೊದಲ ದಿನ ಫಿಸಿಯೊ ಭುಜ ಮತ್ತು ಸೊಂಟದ ಕೀಲು ಎಷ್ಟು ತಿರುಗುತ್ತದೆ, ಒಂದೇ ಕಾಲಲ್ಲಿ ಕುಕ್ಕರಿಸಿದಾಗ ಮಂಡಿ ಒಳಕ್ಕೆ ವಾಲುತ್ತದಾ ಅಂತ ನೋಡಲಿ. ಆ ಅಂಕಿಗಳು ಸೀಸನ್ ಪೂರ್ತಿ ಬೇಕಾಗುತ್ತವೆ. ನಡುವೆ ಯಾರಿಗಾದರೂ ನೋವು ಬಂದಾಗ ಹೋಲಿಸಿ ನೋಡಲು ಏನಾದರೂ ಇರಬೇಕಲ್ವಾ?

ಹಂತ 2: ಕ್ಯಾಲೆಂಡರನ್ನು ಹಿಂದಿನಿಂದ ತುಂಬಿ

ಮೊದಲ ಪಂದ್ಯದ ದಿನ ಬರೆಯಿರಿ. ಅಲ್ಲಿಂದ ಹಿಂದಕ್ಕೆ ಬನ್ನಿ. ಕೊನೇ ವಾರ ಕೆಲಸ ಇಳಿಸುವ ವಾರ. ಅದಕ್ಕೂ ಮುಂಚಿನ ಎರಡು ವಾರ ಅಭ್ಯಾಸ ಪಂದ್ಯಗಳಿಗೆ. ಅದಕ್ಕೂ ಹಿಂದಿನ ಎರಡು ವಾರ ಪಿಚರ್ ಎದುರು ಬ್ಯಾಟರ್ ನಿಲ್ಲಿಸಿ ಆಡಿಸುವುದು. ಉಳಿದ ಮೂರು ವಾರ ಅಡಿಪಾಯ: ಬಲ, ಎಸೆತದ ಲೆಕ್ಕ ಏರಿಸುವುದು, ಫೀಲ್ಡಿಂಗ್ ಕಾಲುಗಾರಿಕೆ.

ನಿಮ್ಮ ಲೀಗಿನ ಕ್ಯಾಂಪ್ ಎಂಟು ವಾರ ಇಲ್ಲ, ಹತ್ತು ದಿನ ಮಾತ್ರ ಇದೆಯಾ? ಹಾಗಿದ್ದರೆ ಮೊದಲ ಐದಾರು ವಾರದ ಕೆಲಸವನ್ನು ಆಟಗಾರ್ತಿಯರು ಅವರವರ ಊರಲ್ಲೇ ಮಾಡಬೇಕು, ನೀವು ದೂರದಿಂದ ಲೆಕ್ಕ ನೋಡಬೇಕು. ಹತ್ತು ದಿನದಲ್ಲಿ ಫಿಟ್‌ನೆಸ್ ಕಟ್ಟುತ್ತೇನೆ ಎಂದು ಹೊರಡಬೇಡಿ, ಅದು ಆಗದ ಮಾತು. ಆ ಹತ್ತು ದಿನ ಇರುವುದು ಒಬ್ಬರನ್ನೊಬ್ಬರು ಅರಿಯಲು, ಸನ್ನೆ ಕಲಿಯಲು, ಕಟ್‌ಆಫ್ (ದೂರದಿಂದ ಬರುವ ಎಸೆತವನ್ನು ನಡುವೆ ಹಿಡಿದು ಮುಂದಕ್ಕೆ ಕೊಡುವುದು) ಯಾರು ನಿಲ್ಲುತ್ತಾರೆ ಅಂತ ತೀರ್ಮಾನಿಸಲು.

ರಾಷ್ಟ್ರೀಯ ತಂಡದ ಕ್ಯಾಂಪ್ ದಿನಗಳನ್ನೂ ಈಗಲೇ ಗುರುತು ಹಾಕಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ವಾಪಸ್ ಬಂದಿದೆ, ಪಂದ್ಯಗಳು ನಡೆಯುವುದು ಒಕ್ಲಹೋಮಾ ಸಿಟಿಯಲ್ಲಿ. ಅಲ್ಲಿಯವರೆಗೆ ಒಳ್ಳೆಯ ಆಟಗಾರ್ತಿಯರಿಗೆ ಎರಡೂ ಕಡೆಯಿಂದ ಕರೆ ಬರುತ್ತದೆ.

ಹಂತ 3: ಪಿಚರ್‌ಗಳು

ಕೆಳಗಿನಿಂದ ಎಸೆಯುವುದು ದೇಹಕ್ಕೆ ಸಹಜ, ತೋಳಿಗೆ ಏನೂ ಆಗುವುದಿಲ್ಲ ಅನ್ನುವ ಮಾತು ಈ ಆಟದಲ್ಲಿ ಬಹಳ ಹಳೆಯದು. ಅದನ್ನು ನಂಬಿಯೇ ಒಬ್ಬರೇ ಪಿಚರ್ ವಾರಾಂತ್ಯದ ಎಲ್ಲ ಪಂದ್ಯ ಎಸೆಯುವ ರೂಢಿ ಬೆಳೆಯಿತು. ನಿಜ ಏನೆಂದರೆ, ವಿಂಡ್‌ಮಿಲ್ ಎಸೆತದಲ್ಲಿ ತೋಳು ಪೂರ್ತಿ ಸುತ್ತು ಹಾಕಿ ಕೆಳಗಿಳಿಯುವಾಗ ಭುಜದ ಕೀಲನ್ನು ಹೊರಕ್ಕೆ ಎಳೆಯುವ ಬಲ ಪಿಚರ್‌ನ ದೇಹತೂಕಕ್ಕೆ ಹತ್ತಿರಹತ್ತಿರ ಇರುತ್ತದೆ. ತೋಳನ್ನು ಹಿಡಿದು ನಿಲ್ಲಿಸುವ ಕೆಲಸ ಬೈಸೆಪ್ಸ್ ಮತ್ತು ಭುಜದ ಹಿಂಭಾಗದ ಸಣ್ಣ ಸ್ನಾಯುಗಳದ್ದು. ಅದಕ್ಕೇ ಈ ಪಿಚರ್‌ಗಳು ನೋವು ಅಂತ ಕೈಯಿಟ್ಟು ತೋರಿಸುವುದು ಭುಜದ ಮುಂಭಾಗವನ್ನೇ.

2008ರ ಬೀಜಿಂಗ್ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಿ. ಜಪಾನಿನ ಯುಕಿಕೊ ಉಎನೊ ಒಂದೇ ದಿನ ಎರಡು ಪಂದ್ಯ ಸೇರಿ 318 ಚೆಂಡು ಎಸೆದರು, ಮಾರನೇ ದಿನ ಫೈನಲ್‌ನಲ್ಲಿ ಇನ್ನೂ 95. ಒಟ್ಟು 413. ಅಮೆರಿಕವನ್ನು 3-1ರಿಂದ ಸೋಲಿಸಿ ಚಿನ್ನ ಗೆದ್ದರು. ಅದ್ಭುತವೇ, ಎರಡು ಮಾತಿಲ್ಲ. ಆದರೆ ಅದು ಒಲಿಂಪಿಕ್ಸ್‌ನ ಕೊನೆಯ ಎರಡು ದಿನ, ಆಮೇಲೆ ಪಂದ್ಯವೇ ಇರಲಿಲ್ಲ. ಅದನ್ನು ನೋಡಿ ಸೀಸನ್‌ಗೆ ಪ್ಲಾನ್ ಮಾಡುವ ಕೋಚ್ ತಂಡವನ್ನು ಮುಳುಗಿಸುತ್ತಾರೆ. ಬದಲಿಗೆ 2021ರಲ್ಲಿ ನಡೆದ ಟೋಕಿಯೊ ಫೈನಲ್ ನೋಡಿ. ಅದೇ ಉಎನೊಗೆ ಆಗ 39 ವರ್ಷ. ಪಂದ್ಯ ಶುರು ಮಾಡಿದ್ದು ಅವರು, ಆರನೇ ಇನ್ನಿಂಗ್ಸ್‌ನಲ್ಲಿ ಎಡಗೈ ಪಿಚರ್ ಮಿಯು ಗೊಟೊ ಬಂದರು, ಏಳನೆಯದಕ್ಕೆ ಉಎನೊ ಮತ್ತೆ ಒಳಗೆ ಬಂದು ಮುಗಿಸಿದರು. 2-0. ಶುರುವಿನ ಪಟ್ಟಿಯಲ್ಲಿದ್ದವರು ಹೊರಹೋಗಿ ಒಮ್ಮೆ ವಾಪಸ್ ಬರಬಹುದು ಅನ್ನುವ ಸಾಫ್ಟ್‌ಬಾಲ್ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಬಳಸಿದ್ದು ನಾನು ನೋಡಿಲ್ಲ. ನಿಮ್ಮ ಸೀಸನ್ ಕಟ್ಟಬೇಕಾದ್ದು ಹೀಗೆ: ವೇಗ ಬೇರೆ, ಕೈ ಬೇರೆ, ಚೆಂಡು ಬರುವ ಎತ್ತರ ಬೇರೆ ಇರುವ ಕನಿಷ್ಠ ಮೂವರು.

ಈಗ ಲೆಕ್ಕಕ್ಕೆ ಬರೋಣ. ಪಂದ್ಯದ ಕಾಗದದಲ್ಲಿ 90 ಎಸೆತ ಅಂತ ಇದ್ದರೆ ತೋಳು ಎಸೆದದ್ದು 90 ಅಲ್ಲ. ಪಂದ್ಯಕ್ಕೆ ಮುಂಚೆ ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಎಸೆದು ಬೆಚ್ಚಗಾಗುವ ಜಾಗ) 40-50. ಪ್ರತಿ ಇನ್ನಿಂಗ್ಸ್ ಶುರುವಿಗೆ ನಾಲ್ಕೈದು ವಾರ್ಮ್‌ಅಪ್, ಏಳು ಇನ್ನಿಂಗ್ಸ್‌ಗೆ 28-35. ಸೇರಿಸಿದರೆ ಸುಮಾರು 160ರಿಂದ 175 ಆಗುತ್ತದೆ. ತಂಡದಲ್ಲಿ ಒಬ್ಬರಿಗೆ ಕ್ಲಿಕ್ಕರ್ ಕೊಟ್ಟು ಪ್ರತಿ ಎಸೆತವನ್ನೂ ಎಣಿಸಲು ಹೇಳಿ, ಸುಮ್ನೆ ಆಟಕ್ಕೆ ಎಸೆದದ್ದನ್ನೂ ಬಿಡಬೇಡಿ. ಕ್ರಿಕೆಟ್‌ನಲ್ಲಿ ವೇಗದ ಬೌಲರ್‌ಗಳ ಓವರ್‌ಗಳನ್ನು ನೆಟ್ಸ್‌ನಲ್ಲಿ ಬಿದ್ದದ್ದೂ ಸೇರಿಸಿ ಎಣಿಸುವ ಹಾಗೆಯೇ ಇದು. ಎಸೆತಕ್ಕೆ ಮಿತಿ ಹಾಕುವ ನಿಯಮ ವಯಸ್ಕರ ಆಟದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಮಿತಿ ನೀವೇ ಹಾಕಿಕೊಳ್ಳಬೇಕು.

ಬಿಡುವಿನಿಂದ ಬರುವ ಪಿಚರ್‌ಗೆ ನಾನು ಹೇಳುವ ಏರಿಕೆ ಹೀಗಿದೆ:

- ಮೊದಲ ಎರಡು ವಾರ: ವಾರಕ್ಕೆ ಮೂರು ದಿನ, ದಿನಕ್ಕೆ 40-60 ಎಸೆತ, ಪೂರ್ತಿ ಜೋರು ಬೇಡ. ಫಾಸ್ಟ್‌ಬಾಲ್ ಮತ್ತು ಚೇಂಜ್‌ಅಪ್ (ಅದೇ ತೋಳಿನ ವೇಗದಲ್ಲಿ ನಿಧಾನ ಬರುವ ಎಸೆತ) ಮಾತ್ರ.
- ಮೂರು, ನಾಲ್ಕನೇ ವಾರ: ನಾಲ್ಕು ದಿನ, 70-90. ಕೆಳಗಿಳಿಯುವ ಡ್ರಾಪ್, ಮೇಲೇರುವಂತೆ ಕಾಣುವ ರೈಸ್, ಪಕ್ಕಕ್ಕೆ ತಿರುಗುವ ಕರ್ವ್ ಸೇರಿಸಿ. ವಾರದಲ್ಲಿ ಒಂದು ದಿನ ಪೂರ್ತಿ ವೇಗ.
- ಐದನೇ ವಾರ: ಬ್ಯಾಟರ್ ಎದುರು ಎರಡು, ಆಮೇಲೆ ಮೂರು ಇನ್ನಿಂಗ್ಸ್. ಇನ್ನಿಂಗ್ಸ್ ನಡುವೆ ನಿಜವಾಗಿಯೂ ಹತ್ತು ನಿಮಿಷ ಕೂರಿಸಿ. ಕೂತು ಎದ್ದು ಮತ್ತೆ ಎಸೆಯುವುದೇ ಒಂದು ಅಭ್ಯಾಸ.
- ಆರು, ಏಳನೇ ವಾರ: ಅಭ್ಯಾಸ ಪಂದ್ಯದಲ್ಲಿ ನಾಲ್ಕರಿಂದ ಆರು ಇನ್ನಿಂಗ್ಸ್. ಒಮ್ಮೆಯಾದರೂ ಒಂದು ದಿನ ಬಿಟ್ಟು ಮತ್ತೆ ಎಸೆಯುವ ಹಾಗೆ ಮಾಡಿ, ಸೀಸನ್‌ನಲ್ಲಿ ಅದು ಬಂದೇ ಬರುತ್ತದೆ.
- ಕೊನೇ ವಾರ: ಎಸೆತ ಅರ್ಧಕ್ಕೆ ಇಳಿಸಿ, ವೇಗ ಇಳಿಸಬೇಡಿ.

ಕಾಲೇಜು ಸೀಸನ್ ಮುಗಿಸಿ ಬಂದವಳಿಗೆ ಇದು ಉಲ್ಟಾ. ಮೊದಲ ಹತ್ತು ದಿನ ಚೆಂಡು ಮುಟ್ಟಿಸಬೇಡಿ. ಬೇಸರ ಮಾಡಿಕೊಳ್ಳುತ್ತಾಳೆ, ಮಾಡಿಕೊಳ್ಳಲಿ.

ವೇಗದ ಹುಚ್ಚು ಎಲ್ಲೆಡೆ ಇದೆ. ಮೋನಿಕಾ ಆಬಟ್ 2012ರಲ್ಲಿ ಗಂಟೆಗೆ 77 ಮೈಲಿ ಎಸೆದದ್ದು ದೊಡ್ಡ ದಾಖಲೆಯಾಗಿತ್ತು. 2025ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಕಾರ್ಲಿನ್ ಪಿಕನ್ಸ್ 79.4 ಮೈಲಿ, ಅಂದರೆ ಸುಮಾರು 128 ಕಿಮೀ ಮುಟ್ಟಿದರು. ಅಂಥ ತೋಳು ದೇವರು ಕೊಟ್ಟದ್ದು. ಉಳಿದವರು ಚೇಂಜ್‌ಅಪ್ ಮೇಲೆ ದುಡ್ಡು, ಸಮಯ ಎರಡೂ ಹಾಕುವುದು ಒಳ್ಳೆಯದು. ಲೆಕ್ಕ ನೋಡಿ. ಪಿಚರ್ ಕಾಲಿಡುವ ಪಿಚಿಂಗ್ ಪಟ್ಟಿಯಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 43 ಅಡಿ. ಪಿಚರ್ ಮುಂದಕ್ಕೆ ಚಿಮ್ಮಿ ಕೈಬಿಡುವುದರಿಂದ ಚೆಂಡು ಹಾರುವುದು 37-38 ಅಡಿ ಅಷ್ಟೇ. 70 ಮೈಲಿ ವೇಗದಲ್ಲಿ ಅದಕ್ಕೆ ಸುಮಾರು 0.37 ಸೆಕೆಂಡ್ ಸಾಕು. ಅದೇ ತೋಳಿನ ವೇಗದಲ್ಲಿ 50 ಮೈಲಿಯ ಚೇಂಜ್‌ಅಪ್ ಬಿದ್ದರೆ 0.51 ಸೆಕೆಂಡ್. ಆ 0.14 ಸೆಕೆಂಡ್‌ನಲ್ಲಿ ಬ್ಯಾಟ್ ಪ್ಲೇಟ್ ದಾಟಿ ಹೋಗಿಬಿಟ್ಟಿರುತ್ತದೆ. ತೋಳಿನ ವೇಗ ಮಾತ್ರ ಒಂದು ಚೂರೂ ಇಳಿಯಬಾರದು, ಇಳಿದರೆ ಬ್ಯಾಟರ್ ಕಣ್ಣಿಗೆ ಬೀಳುತ್ತದೆ. ಬ್ಯಾಟರ್ ನಿಲ್ಲುವ ಜಾಗದಿಂದ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಎರಡೂ ಎಸೆತವನ್ನು ಅಕ್ಕಪಕ್ಕ ಇಟ್ಟು ಪಿಚರ್‌ಗೇ ತೋರಿಸಿ. ಮಾತಿನಲ್ಲಿ ಹೇಳಿದರೆ ಒಪ್ಪುವುದಿಲ್ಲ.

ರೈಸ್‌ಬಾಲ್ ಬಗ್ಗೆಯೂ ಒಂದು ಮಾತು. ಅದು ಗಾಳಿಯಲ್ಲಿ ಮೇಲಕ್ಕೆ ಜಿಗಿಯುವುದಿಲ್ಲ. ಸೊಂಟದ ಎತ್ತರದಿಂದ ಮೇಲ್ಮುಖವಾಗಿ ಹೊರಡುತ್ತದೆ, ಹಿಮ್ಮುಖ ಸ್ಪಿನ್ ಇರುವುದರಿಂದ ಬ್ಯಾಟರ್ ಅಂದುಕೊಂಡಷ್ಟು ಕೆಳಗಿಳಿಯುವುದಿಲ್ಲ, ಬ್ಯಾಟ್ ಅದರ ಕೆಳಗೆ ಬೀಸಿ ಹೋಗುತ್ತದೆ. ಹಾಗಾಗಿ ಸ್ಪಿನ್ ಸರಿಯಿಲ್ಲದ ರೈಸ್‌ಬಾಲ್ ಅಂದರೆ ಎದೆಮಟ್ಟಕ್ಕೆ ನೇರ ಬರುವ ಚೆಂಡು, ಬೇಲಿ ದಾಟಿಸಲು ಅದಕ್ಕಿಂತ ಸುಲಭದ್ದು ಇಲ್ಲ. ಚೆಂಡಿನ ಮೇಲೆ ಕಪ್ಪು ಗೆರೆ ಎಳೆದು ಎಸೆಯಿಸಿ. ಗೆರೆ ಸ್ಥಿರವಾಗಿ ಕಂಡರೆ ಸರಿ, ಅಲುಗಾಡಿದರೆ ಬುಲೆಟ್ ಥರ ಸುತ್ತುತ್ತಿದೆ ಅಂತ ಅರ್ಥ.

ಪಾದದ ನಿಯಮ ಮರೆಯಬೇಡಿ. ಹಿಂದಿನ ಕಾಲು ನೆಲಬಿಟ್ಟು ಹಾರಬಹುದಾ, ಮತ್ತೆ ಊರಿ ತಳ್ಳಬಹುದಾ ಅನ್ನುವುದು ಎಲ್ಲ ಲೀಗಿನಲ್ಲೂ ಒಂದೇ ಥರ ಇಲ್ಲ. ಅಭ್ಯಾಸ ಪಂದ್ಯಕ್ಕೆ ಲೀಗಿನ ಅಂಪೈರ್ ಒಬ್ಬರನ್ನು ಕರೆಸಿ ಎಲ್ಲ ಪಿಚರ್‌ಗಳನ್ನೂ ತೋರಿಸಿಬಿಡಿ.

ಹಂತ 4: ಕ್ಯಾಚರ್‌ಗಳನ್ನು ಎಣಿಸಿ

ನಾಲ್ಕು ಪಿಚರ್, ಇಬ್ಬರು ಕ್ಯಾಚರ್ ಇರುವ ತಂಡದಲ್ಲಿ ಯಾರೂ ಗಮನಿಸದ ಲೆಕ್ಕ ಒಂದಿದೆ. ನಾಲ್ವರು ತಲಾ 80 ಎಸೆದರೆ 320 ಚೆಂಡು. ಅಷ್ಟನ್ನೂ ಕುಕ್ಕರಿಸಿ ಹಿಡಿಯುವುದು ಆ ಇಬ್ಬರೇ, ಅದು ಮುಗಿದ ಮೇಲೆ ಅವರ ಬ್ಯಾಟಿಂಗ್, ಅವರ ಎಸೆತ. ಕ್ಯಾಂಪಿಗೆ ಬುಲ್‌ಪೆನ್ ಕ್ಯಾಚರ್ ಒಬ್ಬರನ್ನು ಹೆಚ್ಚಿಗೆ ಕರೆಯಿರಿ. ಆಗದಿದ್ದರೆ ಸ್ಪಿನ್ ಅಭ್ಯಾಸವನ್ನು ನೆಟ್‌ಗೆ ಎಸೆಯಿಸಿ, ಕೋಚ್ ಬಕೆಟ್ ಮೇಲೆ ಕೂತು ಹಿಡಿಯಲಿ.

ಪ್ಲೇಟ್‌ನಿಂದ ಎರಡನೇ ಬೇಸ್‌ಗೆ ಹತ್ತಿರ ಹತ್ತಿರ 85 ಅಡಿ. ಬೇಸ್ ಕದಿಯುವ, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವ ರನ್ನರ್‌ಗೆ ಬೇಕಾದ್ದು ಮೂರು ಸೆಕೆಂಡ್ ಚಿಲ್ಲರೆ ಅಷ್ಟೇ. ಕ್ಯಾಚರ್ ತೋಳಿನ ಬಲಕ್ಕಿಂತ ಚೆಂಡು ಗ್ಲೌಸಿನಿಂದ ಕೈಗೆ ಬರುವ ಸಮಯದಲ್ಲಿ ಉಳಿತಾಯ ಜಾಸ್ತಿ. ಅದಕ್ಕೆ ಎಸೆಯದೆಯೇ ಮಾಡುವ ಡ್ರಿಲ್ ಸಾಕು: ಹಿಡಿ, ಕಾಲು ಬದಲಿಸು, ಕಿವಿ ಹತ್ತಿರ ತಾ, ನಿಲ್ಲು. ತೋಳೂ ಉಳಿಯುತ್ತದೆ.

ಪಿಚರ್ ಮತ್ತು ಕ್ಯಾಚರ್ ಜೋಡಿಗಳನ್ನು ನಾಲ್ಕನೇ ವಾರದ ಹೊತ್ತಿಗೆ ನಿಗದಿ ಮಾಡಿ, ಆದರೆ ಅಭ್ಯಾಸ ಪಂದ್ಯದಲ್ಲಿ ಒಮ್ಮೆಯಾದರೂ ಅದಲುಬದಲು ಮಾಡಿಸಿ.

ಹಂತ 5: ಬ್ಯಾಟಿಂಗ್

ಮೆಷಿನ್ ಎದುರು ನಿಂತು ಇಡೀ ದಿನ ಹೊಡೆಯುವವರು ಪಂದ್ಯದಲ್ಲಿ ತಡವಾಗುವುದೇಕೆ ಗೊತ್ತಾ? ಮೆಷಿನ್‌ಗೆ ತೋಳಿಲ್ಲ. ಬ್ಯಾಟರ್ ನಿಜವಾಗಿ ಓದುವುದು ಪಿಚರ್‌ನ ಸೊಂಟ, ತೋಳಿನ ಸುತ್ತು, ಕೈಬಿಡುವ ಜಾಗ. 0.37 ಸೆಕೆಂಡ್‌ನಲ್ಲಿ ಚೆಂಡನ್ನು ಮಾತ್ರ ನೋಡಿ ತೀರ್ಮಾನ ಮಾಡಲು ಹೊತ್ತು ಎಲ್ಲಿದೆ? ಮೆಷಿನ್ ಬೇಕು, ಸ್ವಿಂಗ್ ತಿದ್ದಲು ಮತ್ತು ರೈಸ್‌ಬಾಲ್ ಬಿಡುವುದನ್ನು ಕಲಿಯಲು. ಹೌದು, ಬಿಡುವುದನ್ನು. ಎದೆಮಟ್ಟದ ರೈಸ್‌ಬಾಲ್‌ಗೆ ಕೈಹಾಕದ ಬ್ಯಾಟರ್ ತಂಡಕ್ಕೆ ವರ್ಷಪೂರ್ತಿ ರನ್ ತರುತ್ತಾಳೆ. ಆದರೆ ಟೈಮಿಂಗ್‌ಗೆ ಮನುಷ್ಯರೇ ಬೇಕು.

ನಿಮ್ಮ ಪಿಚರ್‌ಗಳ ಎಸೆತಗಳಿಗೆ ಲೆಕ್ಕ ಇದೆಯಲ್ಲ, ಅದನ್ನು ವ್ಯರ್ಥ ಮಾಡದಿರಲು ಒಂದು ಉಪಾಯ: ಅವರು ಬುಲ್‌ಪೆನ್ ಮಾಡುವಾಗ ಬ್ಯಾಟರ್‌ಗಳು ಹೆಲ್ಮೆಟ್ ಹಾಕಿ ಬಾಕ್ಸಿನಲ್ಲಿ ನಿಲ್ಲಲಿ. ಬೀಸುವುದು ಬೇಡ. ಪ್ರತಿ ಚೆಂಡಿಗೂ ಕಾಲು ಎತ್ತಿ ಇಟ್ಟು "ಡ್ರಾಪ್", "ಚೇಂಜ್" ಅಂತ ಬಾಯಲ್ಲಿ ಹೇಳಲಿ, ಹೋಮ್ ಪ್ಲೇಟ್‌ಗೆ ಬರುವ ಮೊದಲೇ ಹೇಳಬೇಕು. ಪಿಚರ್‌ಗೂ ಎದುರಿಗೆ ಒಬ್ಬರು ನಿಂತಿರುವ ರೂಢಿಯಾಗುತ್ತದೆ.

ಎಡಗೈ ಸ್ಲ್ಯಾಪರ್‌ಗಳಿಗೆ ಬೇರೆಯೇ ಹೊತ್ತು ಕೊಡಿ. ಓಡುತ್ತಲೇ ಚೆಂಡು ಮುಟ್ಟಿಸುವ ಈ ಕಲೆಯಲ್ಲಿ ಬಾಕ್ಸಿನಿಂದ ಕಾಲು ಹೊರಗಿಟ್ಟು ಹೊಡೆದರೆ ಔಟ್. ಸುಣ್ಣದ ಗೆರೆ ಹೊಸದಾಗಿ ಎಳೆದು, ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ನೋಡಿ. ಬಂಟ್ (ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಹತ್ತಿರದಲ್ಲೇ ಬೀಳಿಸುವುದು) ಎಲ್ಲರಿಗೂ, ನಾಲ್ಕನೇ ನಂಬರಿನ ದೊಡ್ಡ ಹೊಡೆತಗಾರ್ತಿಗೂ. ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ ಎರಡನೇ ಬೇಸ್ ಮೇಲೆ ರನ್ನರ್ ಇಟ್ಟು ಆಡಿಸುವ ಟೈಬ್ರೇಕರ್ ನಿಯಮ ಬಂದಾಗ ಅವಳೇ ಬ್ಯಾಟಿಂಗ್‌ಗೆ ಬರಬಹುದು.

ಹಂತ 6: ಫೀಲ್ಡಿಂಗ್ ಮತ್ತು ಬೇಸ್ ಓಟ

ಬೇಸ್ ನಡುವೆ 60 ಅಡಿ ಮಾತ್ರ. ಚುರುಕಾದ ಎಡಗೈ ಸ್ಲ್ಯಾಪರ್ ಮೂರು ಸೆಕೆಂಡ್‌ಗೂ ಮೊದಲೇ ಮೊದಲ ಬೇಸ್ ಮುಟ್ಟುತ್ತಾಳೆ. ಅಷ್ಟರಲ್ಲಿ ಚೆಂಡು ನೆಲಕ್ಕೆ ಬಿದ್ದು, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವವರು) ಕೈಗೆ ಸಿಕ್ಕು, ಎಸೆದು, ಮೊದಲ ಬೇಸ್ ತಲುಪಬೇಕು. ಒಂದು ಸಲ ಚೆಂಡನ್ನು ಗ್ಲೌಸಿನಲ್ಲಿ ತಟ್ಟಿಕೊಂಡರೆ ಮುಗಿಯಿತು. ಆದ್ದರಿಂದ ಇನ್‌ಫೀಲ್ಡ್ ಅಭ್ಯಾಸವನ್ನು ಯಾವಾಗಲೂ ಸ್ಟಾಪ್‌ವಾಚ್ ಹಿಡಿದೇ ಮಾಡಿ. ಕೋಚ್ ಚೆಂಡು ಹೊಡೆದ ಕ್ಷಣ ಒತ್ತಿ, ಮೊದಲ ಬೇಸ್ ಗ್ಲೌಸಿಗೆ ಬಿದ್ದಾಗ ನಿಲ್ಲಿಸಿ, ಅಂಕಿಯನ್ನು ಕೂಗಿ ಹೇಳಿ. ಎರಡು ವಾರದಲ್ಲಿ ಅವರೇ ಹೊಡೆತದ ಸದ್ದು ಕೇಳಿ ಎಷ್ಟು ಹೊತ್ತಿದೆ ಅಂತ ಅಂದಾಜು ಮಾಡುತ್ತಾರೆ.

ಹೆಚ್ಚು ಹೊತ್ತು ಹಾಕಬೇಕಾದ್ದು ಮೊದಲ ಮತ್ತು ಮೂರನೇ ಬೇಸ್‌ನಲ್ಲಿ ರನ್ನರ್ ಇರುವ ಸ್ಥಿತಿಗೆ. ಮೊದಲ ಬೇಸ್ ರನ್ನರ್ ಎರಡಕ್ಕೆ ಓಡುತ್ತಾಳೆ. ಕ್ಯಾಚರ್ ಎಸೆದರೆ ಮೂರನೇ ಬೇಸ್‌ನಲ್ಲಿರುವವಳು ಮನೆಗೆ (ಹೋಮ್ ಪ್ಲೇಟ್‌ಗೆ) ಬರುತ್ತಾಳೆ, ಎಸೆಯದಿದ್ದರೆ ಸುಮ್ನೆ ಒಂದು ಬೇಸ್ ಕೊಟ್ಟ ಹಾಗೆ. ದಾರಿ ಮೂರಿವೆ. ಒಂದು, ಎರಡನೇ ಬೇಸ್‌ಗೇ ಎಸೆದು ಔಟ್ ಮಾಡುವುದು. ಎರಡು, ಸೆಕೆಂಡ್ ಬೇಸ್ ಆಟಗಾರ್ತಿ ಬೇಸ್ ಬಿಟ್ಟು ಮುಂದಕ್ಕೆ ಬಂದು ಚೆಂಡನ್ನು ನಡುವೆಯೇ ಹಿಡಿದು ತಿರುಗಿ ಮನೆಗೆ ಎಸೆಯುವುದು. ಮೂರು, ಕ್ಯಾಚರ್ ಎರಡಕ್ಕೆ ಎಸೆಯುವ ಹಾಗೆ ತೋರಿಸಿ ಮೂರಕ್ಕೆ ಎಸೆಯುವುದು. ಮೂರಕ್ಕೂ ಒಂದೊಂದು ಹೆಸರಿಡಿ, ಚೆಂಡಿಗೆ ಮೊದಲೇ ಸನ್ನೆಯಿಂದ ಎಲ್ಲರಿಗೂ ಗೊತ್ತಿರಲಿ. ಮೈದಾನದಲ್ಲಿ ನಿಂತು ಯೋಚಿಸಿದರೆ ಎರಡೂ ಬೇಸ್ ಹೋಗುತ್ತವೆ. ಅಂಕ ಎಷ್ಟು, ಎಷ್ಟು ಔಟ್ ಅನ್ನುವುದನ್ನು ಬದಲಿಸುತ್ತಾ ವಾರಕ್ಕೆ ಎರಡು ಸಲ ಆಡಿಸಿ.

ಬೇಸ್ ಓಟದಲ್ಲಿ ಒಂದು ವಿಷಯ. ಪಿಚರ್ ಕೈಯಿಂದ ಚೆಂಡು ಹೊರಡುವ ಮುನ್ನ ರನ್ನರ್ ಬೇಸ್ ಬಿಡುವಂತಿಲ್ಲ, ಬಿಟ್ಟರೆ ಔಟ್. ಹಾಗಾಗಿ ಕದಿಯುವುದೆಲ್ಲ ಆ ಮೊದಲ ಕ್ಷಣದಲ್ಲಿದೆ. ಪಿಚರ್ ತೋಳು ಮತ್ತು ರನ್ನರ್ ಪಾದ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ವಿಡಿಯೊ ತೆಗೆಯಿರಿ. ತುಂಬಾ ಜನ ಎಚ್ಚರಿಕೆಯಿಂದ ತಡವಾಗಿಯೇ ಹೊರಡುತ್ತಿರುತ್ತಾರೆ, ಅಷ್ಟು ಎಚ್ಚರ ಬೇಕಿಲ್ಲ.

ಮುಖದ ರಕ್ಷಣೆಗೆ ಮಾಸ್ಕ್ ಹಾಕಬೇಕಾ ಅಂತ ಮೂರನೇ ಬೇಸ್ ಆಟಗಾರ್ತಿಯರು ಕೇಳಿದರೆ ಹಾಕಿ ಅನ್ನಿ. ಬಂಟ್ ಇರಬಹುದೆಂದು ಮುಂದೆ ಬಂದು ನಿಂತವರಿಗೆ ಜೋರು ಹೊಡೆತ ಬಂದರೆ ತಪ್ಪಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಹಂತ 7: ದೇಹ

ವಾರಕ್ಕೆ ಮೂರು ದಿನ ತೂಕದ ವ್ಯಾಯಾಮ, ಸೀಸನ್ ಶುರುವಾದ ಮೇಲೆ ಎರಡು. ಪಿಚರ್‌ಗಳ ಶಕ್ತಿ ಕಾಲು ಮತ್ತು ಸೊಂಟದಿಂದ ಬರುತ್ತದೆ. ಅವು ಸೋತಾಗ ತೋಳು ಆ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುತ್ತದೆ. ಮೈಲಿಗಟ್ಟಲೆ ಓಟ ಈ ಆಟಕ್ಕೆ ಬೇಕಾಗಿಲ್ಲ, 20 ಮೀಟರ್ ಓಟ ಮತ್ತು ಪೂರ್ತಿ ವಿಶ್ರಾಂತಿ ಸಾಕು.

ಮಹಿಳಾ ತಂಡದಲ್ಲಿ ಕೆಲವನ್ನು ಮುಜುಗರ ಬಿಟ್ಟು ಮಾತಾಡಲೇಬೇಕು. ಮಂಡಿಯ ಒಳಗಿನ ಎಸಿಎಲ್ ಎಂಬ ಅಸ್ಥಿಬಂಧ ಹರಿಯುವ ಅಪಾಯ ಅದೇ ಥರದ ಆಟ ಆಡುವ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಜಿಗಿದು ಸರಿಯಾಗಿ ಇಳಿಯುವುದು, ಓಡುತ್ತಾ ತಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು, ಇವನ್ನು ವಾರ್ಮ್‌ಅಪ್‌ನಲ್ಲೇ ದಿನಾ 15 ನಿಮಿಷ ಮಾಡಿಸಿದರೆ ಆ ಅಪಾಯ ಇಳಿಯುತ್ತದೆ. ಕಷ್ಟ ಏನೆಂದರೆ ಬೋರ್ ಹೊಡೆಯುತ್ತದೆ ಅಂತ ಮೂರನೇ ವಾರಕ್ಕೆ ಎಲ್ಲರೂ ಬಿಟ್ಟುಬಿಡುತ್ತಾರೆ. ಬಿಡಿಸಬೇಡಿ.

ಮುಟ್ಟು ನಿಂತುಹೋಗಿದ್ದರೆ "ಕಷ್ಟಪಟ್ಟು ಅಭ್ಯಾಸ ಮಾಡ್ತಿದ್ದೀನಿ, ಅದಕ್ಕೇ" ಅಂತ ಸುಮ್ಮನಾಗುವಂತಿಲ್ಲ. ಮಾಡುವ ಕೆಲಸಕ್ಕೆ ತಕ್ಕಷ್ಟು ಊಟ ಮಾಡುತ್ತಿಲ್ಲ ಅನ್ನುವುದರ ಸೂಚನೆ ಅದಾಗಿರಬಹುದು. ಮೂಳೆ ಸಣ್ಣಗೆ ಬಿರುಕು ಬಿಡುವುದು, ಮೇಲಿಂದ ಮೇಲೆ ಜ್ವರ ಶೀತ, ನಿದ್ದೆಗೆಡುವುದು ಹಿಂದೆಯೇ ಬರುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದಲೇ ಇದರ ಬಗ್ಗೆ ತಂಡಗಳಿಗೆ ಎಚ್ಚರಿಸುತ್ತಿದೆ. ಕ್ಯಾಂಪ್ ಶುರುವಿನ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಈ ವಿವರಗಳು ಡಾಕ್ಟರ್ ಮತ್ತು ಆಟಗಾರ್ತಿ ನಡುವೆಯೇ ಇರಲಿ, ತಂಡದ ವಾಟ್ಸಾಪ್ ಗುಂಪಿಗೆ ಬರಬಾರದು. ಎಲ್ಲರ ಮುಂದೆ ತೂಕ ನೋಡುವುದನ್ನಂತೂ ನಿಲ್ಲಿಸಿ.

ಹಂತ 8: ಸಾಮಾನು

ಲೀಗಿನಲ್ಲಿ ಬಳಸುವ ಚೆಂಡನ್ನೇ ಮೊದಲ ದಿನದಿಂದ ತರಿಸಿ. ಎಲ್ಲ ಚೆಂಡೂ 12 ಇಂಚು ಸುತ್ತಳತೆಯದ್ದೇ ಆದರೂ ಹೊಲಿಗೆಯ ಎತ್ತರ, ಚರ್ಮದ ಹಿಡಿತ ಕಂಪನಿಯಿಂದ ಕಂಪನಿಗೆ ಬೇರೆ. ಬೆರಳ ತುದಿಗೆ ಅದು ಗೊತ್ತಾಗುತ್ತದೆ, ಡ್ರಾಪ್‌ಬಾಲ್ ಹಾಳಾಗಲು ಅಷ್ಟು ಸಾಕು. ಕಾಂಪೋಸಿಟ್ ಬ್ಯಾಟ್‌ಗಳು ಕೆಲವು ನೂರು ಹೊಡೆತ ಬಿದ್ದ ಮೇಲೆ ಪಳಗುತ್ತವೆ, ಆದ್ದರಿಂದ ಹೊಸ ಬ್ಯಾಟ್ ಕೊನೇ ವಾರ ಕೊಡಬೇಡಿ. ಲೀಗಿನ ಒಪ್ಪಿಗೆಯ ಪಟ್ಟಿಯಲ್ಲಿ ಅದು ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ. ಹೊಸ ಸ್ಪೈಕ್ಸ್, ಹೊಸ ಗ್ಲೌಸ್ ವಿಷಯವೂ ಅಷ್ಟೇ.

ಹಂತ 9: ಪಟ್ಟಿ, ಪಾತ್ರ, ಡಿಪಿ-ಫ್ಲೆಕ್ಸ್

ಸಾಫ್ಟ್‌ಬಾಲ್‌ನ ಡಿಪಿ-ಫ್ಲೆಕ್ಸ್ ನಿಯಮವನ್ನು ಅರ್ಧಂಬರ್ಧ ತಿಳಿದುಕೊಂಡ ಕೋಚ್‌ಗಳೇ ಜಾಸ್ತಿ. ಸರಳವಾಗಿ ಹೇಳುತ್ತೇನೆ. ಫ್ಲೆಕ್ಸ್ ಅಂದರೆ ಫೀಲ್ಡಿಂಗ್ ಮಾತ್ರ ಮಾಡುವವಳು, ಪಟ್ಟಿಯಲ್ಲಿ ಹತ್ತನೆಯವಳು, ಸಾಮಾನ್ಯವಾಗಿ ಪಿಚರ್. ಡಿಪಿ ಅವಳ ಬದಲು ಬ್ಯಾಟ್ ಮಾಡುತ್ತಾಳೆ. ಆದರೆ ಡಿಪಿ ಬೇಕಾದಾಗ ಫೀಲ್ಡಿಂಗ್‌ಗೂ ಬರಬಹುದು, ಯಾರ ಜಾಗಕ್ಕಾದರೂ. ಫ್ಲೆಕ್ಸ್ ಬಿಟ್ಟು ಬೇರೆಯವರ ಜಾಗಕ್ಕೆ ಬಂದರೆ ಅವರು ಬ್ಯಾಟಿಂಗ್ ಮುಂದುವರಿಸುತ್ತಾರೆ, ಯಾರೂ ಹೊರಹೋದ ಹಾಗಾಗುವುದಿಲ್ಲ. ಫ್ಲೆಕ್ಸ್ ಬ್ಯಾಟ್ ಮಾಡಬೇಕಾದರೆ ಡಿಪಿಯ ಜಾಗದಲ್ಲಿ ಮಾತ್ರ, ಆಗ ಡಿಪಿ ಹೊರಹೋದ ಹಾಗೆ, ಆದರೂ ಒಮ್ಮೆ ವಾಪಸ್ ಬರಬಹುದು. ಅಭ್ಯಾಸ ಪಂದ್ಯಗಳಲ್ಲಿ ಇದನ್ನು ಬೇಕೆಂದೇ ಬಳಸಿ, ಪಂದ್ಯದ ಕಾಗದ ಬರೆಯುವವರಿಗೂ ಕೈ ಪಳಗುತ್ತದೆ.

ಯಾರಿಗೆ ಯಾವ ಪಾತ್ರ ಅನ್ನುವುದನ್ನು ಏಳನೇ ವಾರದ ಕೊನೆಯಲ್ಲಿ ಒಬ್ಬೊಬ್ಬರಿಗೇ ಕೂರಿಸಿ ಹೇಳಿ. ಬೆಂಚಿನಿಂದ ಓಡಲು ಮಾತ್ರ ಬರುವ ಹುಡುಗಿಗೆ ಅದು ಮೊದಲೇ ಗೊತ್ತಿದ್ದರೆ ಆರನೇ ಇನ್ನಿಂಗ್ಸ್‌ಗೆ ತಾನೇ ಎದ್ದು ಕಾಲು ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಗೊತ್ತಿಲ್ಲದಿದ್ದರೆ ಮುಖ ಊದಿಸಿಕೊಂಡು ಕೂತಿರುತ್ತಾಳೆ, ಅವಳ ತಪ್ಪಿಲ್ಲ.

ಹಂತ 10: ಅಭ್ಯಾಸ ಪಂದ್ಯಗಳು ಮತ್ತು ಕೊನೇ ವಾರ

ಅಭ್ಯಾಸ ಪಂದ್ಯ ಗೆಲ್ಲಲು ಹೋಗಬೇಡಿ. ಮೂರನೇ ಪಿಚರ್‌ನನ್ನು ಎರಡು ಬೇಸ್ ತುಂಬಿರುವಾಗ ಒಳಗೆ ತನ್ನಿ, ರನ್ ಹೋದರೆ ಹೋಗಲಿ. ಒಂದು ಪಂದ್ಯವನ್ನು ಏಳು ಇನ್ನಿಂಗ್ಸ್ ಮುಗಿದ ಮೇಲೂ ಟೈಬ್ರೇಕರ್ ಹಾಕಿ ಮುಂದುವರಿಸಿ. ಒಂದನ್ನು ಲೀಗ್ ಪಂದ್ಯದ ಹೊತ್ತಿಗೇ, ರಾತ್ರಿ ದೀಪದಲ್ಲಿ ಆಡಿ. ಹಳದಿ ಚೆಂಡು ಹಗಲಲ್ಲಿ ಕಂಡ ಹಾಗೆ ದೀಪದ ಕೆಳಗೆ ಕಾಣುವುದಿಲ್ಲ, ಔಟ್‌ಫೀಲ್ಡರ್‌ಗಳಿಗಂತೂ ಮೊದಲ ರಾತ್ರಿ ಕಷ್ಟವೇ.

ಕೊನೇ ವಾರ ಅಭ್ಯಾಸದ ಅವಧಿ ಅರ್ಧ, ಜೋರು ಅಷ್ಟೇ. ಹೊಸದೇನೂ ಕಲಿಸಬೇಡಿ. ಪ್ರಯಾಣವಿದ್ದರೆ ಪಂದ್ಯಕ್ಕೆ ಎರಡು ದಿನ ಮುಂಚೆ ತಲುಪಿ, ಆ ಮೈದಾನದ ಬೇಲಿ ಎಷ್ಟು ದೂರ, ಪ್ಲೇಟ್ ಹಿಂದೆ ಎಷ್ಟು ಜಾಗ ಇದೆ, ಮಣ್ಣಿನಲ್ಲಿ ಬಂಟ್ ನಿಲ್ಲುತ್ತದಾ ಓಡುತ್ತದಾ ಅಂತ ಚೆಂಡು ಉರುಳಿಸಿ ನೋಡಿ.

ಮೊದಲ ಪಂದ್ಯದ ಹಿಂದಿನ ಸಂಜೆ ಪಿಚಿಂಗ್ ಪ್ಲಾನ್ ಕಾಗದದಲ್ಲಿ ಬರೆದುಬಿಡಿ. ಯಾರು ಶುರು, ಎಷ್ಟು ಎಸೆತ ಆದಾಗ ಎರಡನೆಯವರು ಬುಲ್‌ಪೆನ್‌ಗೆ ಹೋಗಬೇಕು, ಎದುರು ತಂಡದ ಬ್ಯಾಟಿಂಗ್ ಕ್ರಮ ಮೂರನೇ ಸುತ್ತು ಬಂದಾಗ ಏನು ಮಾಡುತ್ತೀರಿ, ಯಾರನ್ನು ವಾಪಸ್ ಒಳಗೆ ತರುವ ಅವಕಾಶ ಉಳಿಸಿಕೊಳ್ಳುತ್ತೀರಿ. ಒಂದು ಪ್ರತಿ ಪಿಚಿಂಗ್ ಕೋಚ್‌ಗೆ, ಒಂದು ಕ್ಯಾಚರ್‌ಗೆ, ಒಂದು ಎಸೆತ ಎಣಿಸುವವರಿಗೆ. ಪಂದ್ಯ ಮುಗಿದ ಮೇಲೆ ಗೆದ್ದರೂ ಸೋತರೂ ಬಸ್ ಹತ್ತುವ ಮುನ್ನ ಆ ಮೂರನೇ ಪ್ರತಿಯಲ್ಲಿ ಬುಲ್‌ಪೆನ್, ವಾರ್ಮ್‌ಅಪ್, ಪಂದ್ಯ ಮೂರರ ಲೆಕ್ಕವನ್ನೂ ಕೂಡಿಸಿ ಬರೆಸಿಕೊಳ್ಳಿ. ಎರಡನೇ ಪಂದ್ಯಕ್ಕೆ ಯಾರು ಅನ್ನುವುದು ಆ ಕಾಗದ ನೋಡಿದ ಮೇಲೆ ತೀರ್ಮಾನವಾಗಲಿ.